ಇಳಿತದ ದಾರಿಯ ಪುಕ್ಕಲಕ್ಕ

ಗ್ರಾಮಾಂತರ ಅಂಚೆಯ ಚರಿತ್ರೆಯಲ್ಲಿ ಬೆಟ್ಟ ಹತ್ತಿದವರಿದ್ದಾರೆ, ಕಾಡು ದಾಟಿದವರಿದ್ದಾರೆ, ಹೊಳೆ ಈಜಿದವರಿದ್ದಾರೆ. ಅವರ ಸಾಹಸಗಳನ್ನು ಹಾಡಿ ಹೊಗಳಲು ನಮ್ಮ ಇಲಾಖೆಯ ವಾರ್ಷಿಕ ಸಂಚಿಕೆಗಳು ಎಂದೂ ಹಿಂದೆಗೆದದ್ದಿಲ್ಲ. ಆದರೆ ಕಡಲು ಹಿಂದೆ ಸರಿದಾಗ ತೋರುವ ಕೆಸರು ಬಯಲಿನ ಮೇಲೆ, ಅದೇ ಕಡಲು ಮರಳಿ ಬರುವುದರೊಳಗೆ, ಬರಿಗಾಲಲ್ಲಿ ನಡೆದು ನಡುಗಡ್ಡೆಯ ಮನೆಗಳಿಗೆ ಟಪಾಲು ಮುಟ್ಟಿಸಿದ ಕೆಲವೇ ಮಂದಿಯಲ್ಲಿ ಹಿರಿಯರೂ ಪೂಜ್ಯರೂ ಆದವರು, ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿರುವ ನಮ್ಮ ಪುಕ್ಕಲಕ್ಕನವರು. ಅಭಿನಂದನ ಸಂಪುಟದಲ್ಲಿ ಸನ್ಮಾನಿತರನ್ನು ಪುಕ್ಕಲಕ್ಕ ಎಂದು ಕರೆಯುವುದು ಉಚಿತವೇ ಎಂದು ಸಂಪಾದಕ ಮಂಡಳಿಯಲ್ಲಿ ಚರ್ಚೆಯಾಯಿತು. ಕೊನೆಗೆ ಅವರನ್ನೇ ಕೇಳಿದ್ದಕ್ಕೆ, ಬೇರೆ ಹೆಸರು ಹಾಕಿದರೆ ಯಾರೋ ಬೇರೆಯವರಿಗೆ ಸನ್ಮಾನವೆಂದುಕೊಂಡು ತಾವೇ ಸಭೆಗೆ ಬಾರದೆ ಉಳಿದುಬಿಡಬಹುದು ಎಂದುಬಿಟ್ಟರು.

ಇಂಥ ಲೇಖನಗಳನ್ನು ‘ಧೈರ್ಯಂ ಸರ್ವತ್ರ ಸಾಧನಂ’ ಎಂದು ಆರಂಭಿಸುವುದು ವಾಡಿಕೆ. ಇಲ್ಲಿ ಆ ಮಾತು ಒಪ್ಪುವುದಿಲ್ಲ. ಪುಕ್ಕಲಕ್ಕನವರು ಬಾತುಕೋಳಿಗೆ ಹೆದರುತ್ತಾರೆ, ಕುದಿಯುವ ಅರಗಿಗೆ ಹೆದರುತ್ತಾರೆ, ಬಾಗಿಲ ಹಿಂದೆ ತೂಗುವ ಖಾಲಿ ಚೀಲಕ್ಕೂ ಮಬ್ಬಿನಲ್ಲಿ ಹೆದರುತ್ತಾರೆ. ಹಗ್ಗ ಕಂಡು ಹಾವೆಂದು ಹಾರುವವರನ್ನು ನಾವೆಲ್ಲ ನೋಡಿದ್ದೇವೆ; ಇವರು ಹಾವನ್ನು ನಿರೀಕ್ಷಿಸಿ ಹಗ್ಗವನ್ನೇ ಮನೆಯಿಂದ ಹೊರಗಿಟ್ಟವರು. ಇಷ್ಟು ಹೆದರುವವರು ಬದುಕಿನ ಬಹುಭಾಗವನ್ನು ಕಡಲಿನ ತಳದ ಮೇಲೆ ನಡೆದು ಕಳೆದದ್ದು ಹೇಗೆ ಎಂಬುದೇ ಈ ಲೇಖನದ ವಿಷಯ.

ಅವರ ತಂದೆ ಆ ದಾರಿಯ ಮೊತ್ತಮೊದಲ ಅಂಚೆಯಾಳು. ಅದಕ್ಕೂ ಹಿಂದೆ ನಡುಗಡ್ಡೆಯವರ ಕಾಗದಗಳು ದಡದ ದಿನಸಿ ಅಂಗಡಿಯ ಮೂಲೆಯಲ್ಲಿ, ಕಡಲು ಶಾಂತವಾಗಿ ಯಾವನಾದರೂ ಬೆಸ್ತ ಒಯ್ಯುವವರೆಗೆ ಬಿದ್ದಿರುತ್ತಿದ್ದವು. ಮದುವೆಗೆ ಕರೆದ ಕಾಗದ ಮಗು ಹುಟ್ಟಿದ ಮೇಲೆ ತಲುಪಿದ್ದೂ ಉಂಟಂತೆ. ಇಳಿತದಲ್ಲಿ ದೋಣಿ ಕೆಸರಿಗೆ ಕೂರುತ್ತದೆ, ಉಬ್ಬರದಲ್ಲಿ ಸೆಳವಿಗೆ ಸಿಕ್ಕಿ ಮಗುಚುತ್ತದೆ. ಹೀಗಾಗಿ ನಡೆದು ಹೋಗಬಲ್ಲವನೊಬ್ಬ ಬೇಕೆಂದು ಇಲಾಖೆ ಹುಡುಕಿದಾಗ, ಇಳಿತದ ಹೊತ್ತಿನಲ್ಲಿ ಚಿಪ್ಪು ಹೆಕ್ಕಿ ಜೀವನ ಮಾಡುತ್ತಿದ್ದ ಈತ ಸಿಕ್ಕಿದರು. ಕೊರಳಿಗೆ ಒಂದು ತಗಡಿನ ಸೀಟಿ, ಕೈಗೆ ಉದ್ದನೆಯ ಕೋಲು, ಬೆನ್ನಿಗೆ ಎಣ್ಣೆ ಬಟ್ಟೆಯ ಚೀಲ. ಜನ ಅವರನ್ನು ಸೀಟಿಯಣ್ಣ ಎಂದೇ ಕರೆದರು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯಿದೆ. ಸೀಟಿಯಣ್ಣನವರದು ಸೊಂಟದವರೆಗೂ ಕೆಸರು. ಮೊಸರಿನ ವಿಚಾರವನ್ನು ಇಲಾಖೆಯ ಸಂಬಳದ ವಿಭಾಗವನ್ನೇ ಕೇಳಬೇಕು.

ದಾರಿಯೆಂದರೆ ಸಾಲಾಗಿ ನೆಟ್ಟ ಮರದ ಗೂಟಗಳು, ಅಷ್ಟೇ. ಬಯಲಿನ ನಡುವೆ ಒಂದು ಆಳದ ಕಾಲುವೆ. ಇಳಿತದಲ್ಲೂ ಅದರ ನೀರು ಬತ್ತುವುದಿಲ್ಲ, ಒಂದೇ ಒಂದು ಕಡೆ ಮೊಣಕಾಲುದ್ದಕ್ಕೆ ಇಳಿದಿರುತ್ತದೆ. ಆ ಕಾಲುವೆಗೆ ಎರಡೂ ದಡದವರು ಇಟ್ಟ ಹೆಸರು ‘ಅತ್ತೆ’. ಇವತ್ತು ಎಡಕ್ಕೆ ತಿರುಗಿದ್ದು ನಾಳೆ ಬಲಕ್ಕೆ, ಏಕೆಂದು ಕೇಳುವಂತಿಲ್ಲ. ಗಾಳಿಮಳೆ ಕಳೆದ ಮೇಲೆ ಸೀಟಿಯಣ್ಣ ಹೋಗಿ ಅತ್ತೆಯ ಹೊಸ ಮರ್ಜಿ ಏನೆಂದು ಕೋಲಿನಿಂದ ಚುಚ್ಚಿ ತಿಳಿದು ಗೂಟಗಳನ್ನು ಬದಲಿಸಿ ನೆಡುತ್ತಿದ್ದರು. ಹೆದರಿಕೆಯಾಗುವುದಿಲ್ಲವೇ ಎಂದು ಕೇಳಿದವರಿಗೆ, ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದು ನಗುತ್ತಿದ್ದರು. ಅವರ ಪಾಲಿನ ಹೆದರಿಕೆಯನ್ನೂ ಸೇರಿಸಿ ಮಗಳು ಮನೆಯಲ್ಲಿ ಕೂತು ಹೆದರುತ್ತಿದ್ದರು.

ಮನೆ ಮತ್ತು ಅಂಚೆ ಕಚೇರಿ ಒಂದೇ ಕಟ್ಟಡ. ಮುಂದಿನ ಕೋಣೆಯಲ್ಲಿ ಕಚೇರಿಯ ಕಿಟಕಿ, ತಕ್ಕಡಿ, ಅರಗಿನ ವಾಸನೆ. ಹಿಂದಿನ ಕೋಣೆಯಲ್ಲಿ ಒಲೆ, ಮಂಚ, ಒಣಹಾಕಿದ ಬಟ್ಟೆಗಳು. ಇಳಿತದ ಹೊತ್ತಿನಲ್ಲಿ ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವಂತಿರಲಿಲ್ಲ. ದೂರದ ಸೀಟಿ ಕೇಳಬೇಕಲ್ಲ. ತಾಯಿ ಪಾತ್ರೆಯನ್ನು ಬಟ್ಟೆಯ ಮೇಲೆ ಇಡುತ್ತಿದ್ದರು. ಟಪಾಲು ಕೇಳಲು ಬಂದವರು ಬಾಗಿಲಲ್ಲೇ ದನಿ ತಗ್ಗಿಸುತ್ತಿದ್ದರು. ನಗು ಬಂದರೆ ಸೆರಗಿನಲ್ಲಿ ಮುಚ್ಚಿ ನಗಬೇಕು. ಹೋಗುವಾಗ ಕಾಲುವೆಯ ಹತ್ತಿರ ಒಂದು ಸೀಟಿ, ಬರುವಾಗ ಅಲ್ಲೇ ಇನ್ನೊಂದು. ಎರಡನೆಯದು ಕೇಳಿದ ಮೇಲೆ ಮನೆಗೆ ಮಾತು ಮರಳುತ್ತಿತ್ತು. ಪುಕ್ಕಲಕ್ಕನವರು ಇಂದಿಗೂ ಪಿಸುದನಿಯಲ್ಲಿ ಮಾತಾಡುವುದನ್ನು ಕೆಲವರು ವಿನಯವೆಂದು ತಿಳಿದಿದ್ದಾರೆ. ಅದು ಬಾಲ್ಯದ ಅಭ್ಯಾಸ.

ಬಾಗಿಲ ಪಕ್ಕದ ತೊಲೆಗೆ ಹಳೆಯ ಬಂಡಿಯ ಚಕ್ರದ ಕಬ್ಬಿಣದ ಪಟ್ಟಿಯೊಂದನ್ನು ತೂಗುಹಾಕಿದ್ದರು. ಬಯಲಿಗೆ ಮಂಜು ಕವಿದರೆ ಗೂಟ ಕಾಣದು. ಆಗ ಅದನ್ನು ಸುತ್ತಿಗೆಯಿಂದ ಬಾರಿಸಬೇಕು. ಮೂರು ಪೆಟ್ಟು, ಆಮೇಲೆ ಬಿಡುವು. ಬಿಡುವಿನಲ್ಲಿ ಕಿವಿಗೊಟ್ಟು ಸೀಟಿ ಕೇಳಬೇಕು. ನಡುಗಡ್ಡೆಯಲ್ಲೂ ಅಂಥದೇ ಒಂದು ಕಬ್ಬಿಣವಿತ್ತು. ಅಂಚೆಯಾಳು ಯಾವ ದಡಕ್ಕೆ ನಡೆಯುತ್ತಿದ್ದಾರೋ ಆ ದಡದವರು ಮಾತ್ರ ಬಾರಿಸಬೇಕು ಎಂಬುದು ಕಟ್ಟಳೆ. ಅದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಹಾಲು ಉಕ್ಕಿದರೆ ಉರಿ ತೆಗೆಯಬೇಕೆಂದು ಯಾರು ಬರೆದಿಡುತ್ತಾರೆ?

ಪುಕ್ಕಲಕ್ಕನವರು ಪ್ರಾಯಕ್ಕೆ ಬಂದು ಅದೇ ಕಚೇರಿಯಲ್ಲಿ ಮುದ್ರೆಯೊತ್ತುವ, ಟಪಾಲು ವಿಂಗಡಿಸುವ ಕೆಲಸಕ್ಕೆ ಸೇರಿದ ವರ್ಷ, ತಂದೆಯ ಮೊಣಕಾಲು ಸೋಲತೊಡಗಿತ್ತು. ದಾರಿಯನ್ನು ಒಮ್ಮೆ ಕಲಿತುಕೋ ಎಂದು ತಂದೆ ಮಗಳನ್ನು ಜೊತೆಗೆ ಕರೆದೊಯ್ದರು. ಆಕೆ ಒಂದೊಂದು ಗೂಟವನ್ನೂ ಹಿಡಿದು ಅಲ್ಲಾಡಿಸಿ ನೋಡದೆ ಮುಂದೆ ಹೆಜ್ಜೆ ಇಡಲಿಲ್ಲ. ಹೀಗೆ ನಡೆದರೆ ಕಡಲೇ ಟಪಾಲು ಹಂಚಬೇಕಾದೀತು ಎಂದು ತಂದೆ ಗೇಲಿ ಮಾಡಿದರು. ಕಚೇರಿಯವರು ಪುಕ್ಕಲಕ್ಕ ಎಂದು ಹೆಸರಿಟ್ಟದ್ದು ಆ ವಾರವೇ.

ಅದೇ ವರ್ಷದ ಚಳಿಗಾಲದ ಒಂದು ಮಧ್ಯಾಹ್ನ ತಂದೆ ನಡುಗಡ್ಡೆಯಿಂದ ಹಿಂದಿರುಗುವ ಹೊತ್ತಿಗೆ, ಹೇಳದೆ ಕೇಳದೆ ಮಂಜು ಇಳಿಯಿತು. ನೋಡನೋಡುತ್ತಿದ್ದಂತೆ ಅಂಗಳದ ಬೇಲಿ ಅಳಿಸಿಹೋಯಿತು. ತಾಯಿ ಸುತ್ತಿಗೆ ಎತ್ತಿಕೊಂಡು ಬಾರಿಸತೊಡಗಿದರು. ತಾಯಿ ಗಟ್ಟಿಗಿತ್ತಿ, ಯಾವುದಕ್ಕೂ ಜಗ್ಗುವ ಜೀವವಲ್ಲ. ಆದರೆ ಬರಬೇಕಾದ ಸೀಟಿ ಬರಬೇಕಾದ ಹೊತ್ತಿಗೆ ಬರಲಿಲ್ಲ. ಬಾರದಿದ್ದಷ್ಟೂ ಅವರ ಕೈ ಜೋರಾಯಿತು, ಪೆಟ್ಟಿನ ಮೇಲೆ ಪೆಟ್ಟು ಬಿತ್ತು, ಬಿಡುವು ಎನ್ನುವುದೇ ಇಲ್ಲವಾಯಿತು. ಬಿಡುವು ಕೊಡು ಎಂದು ಮಗಳು ಬೇಡಿಕೊಂಡರೂ ತಾಯಿಯ ಕಿವಿಗೆ ಬೀಳಲಿಲ್ಲ. ಕೊನೆಗೆ ತೋಳು ಸೋತು ನಿಂತಾಗ ಮಗಳು ಸುತ್ತಿಗೆ ತೆಗೆದುಕೊಂಡರು. ಮೂರು ಪೆಟ್ಟು ಹೊಡೆದು, ಉಸಿರು ಬಿಗಿಹಿಡಿದು, ಕೇಳಿದರು.

ಸೀಟಿ ಕೇಳಿಸಿತು. ಜೀವ ಬಂದಂತಾಯಿತು. ಇನ್ನೊಂದು ಬಿಡುವಿನಲ್ಲಿ ಮತ್ತೆ ಕೇಳಿಸಿತು, ಆದರೆ ಹತ್ತಿರವಾಗಿರಲಿಲ್ಲ, ದೂರವೂ ಆಗಿರಲಿಲ್ಲ. ಬಲಕ್ಕೆ ಸರಿದಿತ್ತು. ಮೂರನೆಯ ಬಿಡುವಿನಲ್ಲಿ ಇನ್ನೂ ಬಲಕ್ಕೆ. ಬಲಕ್ಕೆ ಗೂಟಗಳಿಲ್ಲ, ದಡವಿಲ್ಲ; ಅತ್ತೆ ಅಗಲವಾಗಿ ಆಳವಾಗಿ ಕಡಲಿಗೆ ಸೇರುವ ಬಾಯಿ ಅಲ್ಲಿದೆ. ಇಡೀ ಪ್ರಾಯ ಆ ಬಯಲಿನ ಮೇಲೆ ಕಳೆದ ಮನುಷ್ಯ ಅತ್ತ ಏಕೆ ನಡೆಯುತ್ತಿದ್ದಾರೆ ಎಂದು ಆಕೆಗೆ ತಿಳಿಯಲಿಲ್ಲ. ಆಗ, ಅದೇ ಬಿಡುವಿನ ಕೊನೆಯಲ್ಲಿ, ಸೀಟಿಗಿಂತ ಆಚೆ, ಬಹಳ ಆಚೆ, ಇನ್ನೊಂದು ಕಬ್ಬಿಣದ ಸದ್ದು ಕೇಳಿತು.

ನಡುಗಡ್ಡೆಯವರೂ ಬಾರಿಸುತ್ತಿದ್ದರು. ಆ ಹಂಗಾಮಿನಲ್ಲಿ ಹೊಸದಾಗಿ ಬಂದು ನೆಲೆಸಿದ ಕಮ್ಮಾರನೊಬ್ಬ, ಆಗತಾನೆ ತನ್ನ ಬಾಗಿಲಿಗೆ ಟಪಾಲು ಕೊಟ್ಟು ಹೋದ ಅಂಚೆಯಾಳು ಮಂಜಿನಲ್ಲಿ ಸಿಕ್ಕಿಬಿದ್ದರಲ್ಲ ಎಂದು ಮರುಗಿ, ತನ್ನ ಕುಲುಮೆಯ ದೊಡ್ಡ ಕಬ್ಬಿಣವನ್ನೇ ತಂದು ತೂಗುಹಾಕಿ ಬಡಿಯತೊಡಗಿದ್ದ. ಅವನು ಅಷ್ಟು ಚೆನ್ನಾಗಿ ಬಡಿಯುತ್ತಿದ್ದುದನ್ನು ಕಂಡು ನೆರೆಯವರೂ ಅವನೇ ಸರಿಯೆಂದುಕೊಂಡರು. ಉಪಕಾರ ಮಾಡಹೋಗಿ ಅಪಕಾರವಾದದ್ದು ಆ ಪುಣ್ಯಾತ್ಮನಿಗೆ ಹೇಗೆ ತಿಳಿಯಬೇಕು? ಎರಡು ದಡಗಳು ಏಕಕಾಲಕ್ಕೆ ಕರೆಯುತ್ತಿದ್ದರೆ ಮಂಜಿನ ನಡುವೆ ನಿಂತವನಿಗೆ ಮುಂದಾವುದು ಹಿಂದಾವುದು? ತಂದೆ ಎರಡು ಸದ್ದುಗಳ ನಡುವೆ, ಎರಡನ್ನೂ ಬಿಟ್ಟು, ಅಡ್ಡಕ್ಕೆ ನಡೆಯುತ್ತಿದ್ದರು. ಉಬ್ಬರ ಶುರುವಾಗಲು ಹೆಚ್ಚು ಹೊತ್ತಿರಲಿಲ್ಲ.

ಕಮ್ಮಾರನಿಗೆ ನಿಲ್ಲಿಸೆಂದು ಹೇಳಿಕಳಿಸಲು ಯಾವ ದಾರಿಯೂ ಇರಲಿಲ್ಲ. ಇದ್ದ ಒಂದು ದಾರಿಯಲ್ಲಿ ತಂದೆಯೇ ಇದ್ದರು. ಪುಕ್ಕಲಕ್ಕನವರಿಗೆ ಆ ಕ್ಷಣ ಹೊಳೆದದ್ದು ಒಂದೇ: ಇತ್ತ ಕಡೆಯ ಸದ್ದು ನಿಲ್ಲಬೇಕು. ಆಗ ಒಂದೇ ಸದ್ದು ಉಳಿಯುತ್ತದೆ, ಅದರತ್ತ ತಂದೆ ಹಿಂದಕ್ಕೆ ನಡೆದಾರು. ಆದರೆ ಅವರು ಈ ದಡಕ್ಕೇ ಹತ್ತಿರವಿದ್ದರೆ? ಇನ್ನೇನು ಕೂಗಳತೆಯಲ್ಲಿದ್ದವರನ್ನು ಏರುವ ನೀರಿನಲ್ಲಿ ಬಯಲಿಡೀ ಹಿಂದಕ್ಕೆ ಕಳಿಸಿದಂತಾದರೆ? ಅತ್ತ ದರಿ, ಇತ್ತ ಪುಲಿ. ಮಗಳು ಸುತ್ತಿಗೆಯನ್ನು ಕೆಳಗಿಟ್ಟರು.

ತಾಯಿ ಹೊಡೆ ಎಂದರು. ಮಗಳು ಹೊಡೆಯಲಿಲ್ಲ. ಎರಡು ಕಬ್ಬಿಣ ಕೇಳುತ್ತಿದೆ ಎಂದು ವಿವರಿಸಲು ನೋಡಿದರು. ಆದರೆ ಗಂಡ ಮಂಜಿನಲ್ಲಿರುವಾಗ ವಿವರಣೆ ಕೇಳುವ ಹೆಂಡತಿ ಯಾರಿದ್ದಾರೆ? ತಾಯಿ ಬಗ್ಗಿ ಸುತ್ತಿಗೆ ಎತ್ತಿಕೊಂಡರು. ಮಗಳು ಓಡಿಹೋಗಿ ಕಬ್ಬಿಣದ ಪಟ್ಟಿಯನ್ನೇ ಎರಡೂ ಕೈಗಳಿಂದ ತಬ್ಬಿ, ಸದ್ದು ಹೊರಡದಂತೆ ಎದೆಗೊತ್ತಿ ಹಿಡಿದರು.

“ಬಿಡು. ನಿಮ್ಮಪ್ಪನ್ನ ಕೊಲ್ತೀಯಾ?” ಎಂದರು ತಾಯಿ.

“ಬಿಡಲ್ಲಮ್ಮ. ನಂಗೂ ಭಯ ಆಗ್ತಿದೆ, ಬಿಡಲ್ಲ.”

ಸುತ್ತಿಗೆ ಬಿತ್ತು. ಬಿದ್ದದ್ದು ಕಬ್ಬಿಣದ ಮೇಲಲ್ಲ, ಮಗಳ ಎಡಗೈಯ ಮೇಲೆ. ಮಗಳು ಕೂಗಲಿಲ್ಲ, ಕೂಗಿದರೆ ತಂದೆಗೆ ಕೇಳಿಸಿ ಈ ಕಡೆಗೇ ಬಂದಾರು ಎಂಬ ಹೆದರಿಕೆ. ತುಟಿ ಕಚ್ಚಿ ಹಿಡಿದಲ್ಲೇ ಹಿಡಿದಿದ್ದರು. ರಕ್ತ ಕಂಡ ತಾಯಿ ಸುತ್ತಿಗೆ ಬಿಟ್ಟು ನೆಲಕ್ಕೆ ಕುಸಿದರು. ಆಮೇಲೆ ಇಬ್ಬರೂ ಕೇಳಿದರು. ಸೀಟಿಯೊಂದು ಬಂತು, ಇದ್ದಲ್ಲೇ ನಿಂತಂತೆ. ಬಹಳ ಹೊತ್ತು ಏನೂ ಇಲ್ಲ. ಮತ್ತೊಂದು ಬಂತು, ತೆಳ್ಳಗೆ. ಅದು ದೂರ ಹೋದದ್ದೋ ಮುಳುಗುತ್ತಿದ್ದುದೋ ಹೇಳುವವರು ಯಾರು? ಅಷ್ಟರಲ್ಲಿ ಬಯಲಿನ ತುಂಬ ನೀರು ಸರಸರನೆ ಹರಿದು ಬರುವ ಸದ್ದು ಎದ್ದಿತು, ಅದರ ಅಡಿಯಲ್ಲಿ ಉಳಿದೆಲ್ಲ ಸದ್ದುಗಳೂ ಮುಚ್ಚಿಹೋದವು.

ಮರುದಿನದ ಇಳಿತದವರೆಗಿನ ಹೊತ್ತಿನ ಬಗ್ಗೆ ಪುಕ್ಕಲಕ್ಕನವರು ಯಾರಿಗೂ ಹೆಚ್ಚು ಹೇಳಿಲ್ಲ. ತಾಯಿ ಆ ಕೈಗೆ ಬಟ್ಟೆ ಸುತ್ತಿದರೆಂದೂ, ಸುತ್ತುವಾಗ ಮುಖ ನೋಡಲಿಲ್ಲವೆಂದೂ ಮಾತ್ರ ಒಮ್ಮೆ ಹೇಳಿದ್ದುಂಟು. ಕೆಲಸ ನಿಲ್ಲಿಸಬಾರದೆಂದು ಮಗಳು ಮುಂದಿನ ಕೋಣೆಗೆ ಹೋಗಿ ಟಪಾಲಿಗೆ ಮುದ್ರೆ ಒತ್ತಲು ಕುಳಿತರಂತೆ. ಒಂದೂ ನೆಟ್ಟಗೆ ಬೀಳಲಿಲ್ಲವಂತೆ.

ಮಂಜು ಹರಿದ ಮೇಲೆ ಬಯಲಿನ ಮೇಲೆ ಇಬ್ಬರು ನಡೆದು ಬರುವುದು ಕಾಣಿಸಿತು. ಮುಂದೆ ಸೀಟಿಯಣ್ಣ, ಹಿಂದೆ ಅವರ ಚೀಲ ಹೊತ್ತು ತಲೆ ತಗ್ಗಿಸಿದ ಕಮ್ಮಾರ. ತಾಯಿ ಬಾಗಿಲಿಗೆ ಬಂದು ನೋಡಿದವರು ಒಳಗೆ ಹೋಗಿ ಒಲೆ ಹೊತ್ತಿಸಿದರು. ಕಮ್ಮಾರ ಅಂಗಳ ದಾಟಿ ಒಳಗೆ ಬರಲಿಲ್ಲ. ಅವನನ್ನು ಕೈಹಿಡಿದು ಕರೆತಂದು ಕೂರಿಸಿ, ನಿಮಗೆ ಯಾರೂ ಹೇಳಿರಲಿಲ್ಲ, ತಪ್ಪು ಹೇಳದೇ ಬಿಟ್ಟ ನಮ್ಮದು ಎಂದವರು ಪುಕ್ಕಲಕ್ಕನವರೇ. ತಂದೆ ಮಗಳ ಕೈಗೆ ಕಟ್ಟಿದ ಬಟ್ಟೆಯನ್ನು ನೋಡಿದರು, ಕಬ್ಬಿಣವನ್ನು ನೋಡಿದರು, ಕೇಳಬೇಕಾದ್ದನ್ನು ಕೇಳದೆಯೇ ತಿಳಿದುಕೊಂಡರು.

“ಮನೆ ಸದ್ದು ನಿಂತಾಗ ಎದೆ ಒಡೆದುಹೋಯ್ತು” ಎಂದರು. “ನಿಮಗೇ ಏನೋ ಆಯ್ತು ಅಂತ ಈ ಕಡೆಗೇ ಓಡೋಕೆ ಹೊರಟೆ. ಆಮೇಲೆ ಅನ್ನಿಸ್ತು, ಕೊನೆಗೆ ಮೂರು ಪೆಟ್ಟಿಗೊಂದು ಬಿಡುವು ಬರ್ತಿತ್ತಲ್ಲ, ಹಾಗಾದ್ರೆ ಸುತ್ತಿಗೆ ಇವಳ ಕೈಲಿದೆ. ಇಂಥ ಪುಕ್ಕಲಿ ಸುಮ್ಸುಮ್ನೆ ನಿಲ್ಲಿಸ್ತಾಳಾ? ಹಿಂದಕ್ಕೆ ತಿರುಗಿದೆ. ಕಾಲುವೆ ದಾಟೋವಾಗ ನೀರು ಕುತ್ತಿಗೆಗೆ ಬಂದಿತ್ತು.”

ಸೀಟಿಯಣ್ಣನವರು ಮತ್ತೆ ಬಯಲಿಗೆ ಇಳಿಯಲಿಲ್ಲ. ಮೊಣಕಾಲೆಂದು ಹೇಳಿಕೊಂಡರು, ನಿಜ ಏನೆಂದರೆ ಅವರಿಗೂ ಹೆದರಿಕೆ ಹತ್ತಿತ್ತು, ತಡವಾಗಿ ಬಂದ ಸಿಡುಬಿನ ಹಾಗೆ ಬಲವಾಗಿಯೇ ಹತ್ತಿತ್ತು. ಚೀಲ, ಕೋಲು, ಸೀಟಿ ಮಗಳ ಪಾಲಿಗೆ ಬಂದವು. ಹೆಂಗಸು ಆ ದಾರಿ ನಡೆದಾಳೇ ಎಂದು ಇಲಾಖೆ ಅನುಮಾನಿಸುತ್ತಿದ್ದಾಗಲೇ ಆಕೆ ನಡೆಯತೊಡಗಿದ್ದರಿಂದ, ಅನುಮಾನ ಮುಗಿಯುವ ಹೊತ್ತಿಗೆ ಅವರ ನೇಮಕ ಖಾಯಂ ಆಗಿತ್ತು. ಮುಂದೆ ಅವರು ಕೈಹಿಡಿದದ್ದು ಊರ ದರ್ಜಿಯನ್ನು. ಎಣ್ಣೆ ಬಟ್ಟೆಯ ಚೀಲಗಳನ್ನು ನೀರು ಹೊಗದಂತೆ ಹೊಲಿಯುತ್ತಿದ್ದ ಆ ಸಜ್ಜನರಿಗೆ, ಮದುವೆಗೆ ಒಪ್ಪುವ ಮೊದಲೇ ಮೂರು ಪೆಟ್ಟು ಮತ್ತು ಬಿಡುವಿನ ಪಾಠವಾಗಿತ್ತು ಎಂದು ಪ್ರತೀತಿ.

ತಾಯಿಗೆ ಮಾತ್ರ ಆ ದಿನದ ಮಾತೆತ್ತಲು ವರ್ಷಗಳೇ ಬೇಕಾದವು. ಹಾಸಿಗೆ ಹಿಡಿದ ಕೊನೆಗಾಲದಲ್ಲಿ, ನೆಟ್ಟಗಾಗದೇ ಉಳಿದ ಮಗಳ ಬೆರಳನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು ಹೇಳಿದರಂತೆ: “ನೀನು ನಿಲ್ಲಿಸಿದ್ದು ಸರಿ. ನಾನು ಹೊಡೆದಿದ್ದೂ ಸರಿನೇ. ಹೆಂಡ್ತಿಯಾದವಳು ನಿಲ್ಲಿಸಬಾರದು.” ಇದನ್ನು ಹೇಳುವಾಗ ಪುಕ್ಕಲಕ್ಕನವರ ಕಣ್ಣು ಒದ್ದೆಯಾಗುತ್ತದೆ.

ಅವರ ಸೇವಾವಧಿಯ ಉಳಿದ ಭಾಗವನ್ನು ವಿವರಿಸುವುದು ಕಷ್ಟ, ಏಕೆಂದರೆ ಅದರಲ್ಲಿ ಅನಾಹುತವೇ ಇಲ್ಲ. ಒಮ್ಮೆ ಆಕಾಶದ ಬಣ್ಣ ಸರಿಯಿಲ್ಲವೆಂದು ಅವರು ಹೊರಡಲೇ ಇಲ್ಲ. ಅದೇ ದಿನ ತನಿಖೆಗೆ ಬಂದಿದ್ದ ಮೇಲಧಿಕಾರಿಗಳು ಕಾರಣ ಕೇಳಿದಾಗ, ಕಾಗದ ನಾಳೆಯೂ ಹೋದೀತು, ನಾನು ಇಂದು ಹೋಗಿ ಬಾರದಿದ್ದರೆ ನಾಳೆಯ ಕಾಗದವೂ ನಿಂತೀತು ಎಂದು ಪಿಸುದನಿಯಲ್ಲೇ ಉತ್ತರಿಸಿದರು. ಆ ದಿನ ಮೋಡವೂ ಕಟ್ಟಲಿಲ್ಲ, ಗಾಳಿಯೂ ಏಳಲಿಲ್ಲ. ಸಂಜೆಯವರೆಗೆ ಬಿಸಿಲು ಹಲ್ಲು ಕಿರಿಯುತ್ತಿತ್ತು. ಊರೆಲ್ಲ ನಕ್ಕಿತು. ಅವರಿಗೆ ಎಳ್ಳಷ್ಟೂ ನಾಚಿಕೆಯಾಗಲಿಲ್ಲ, ಮುಂದಿನ ಬಾರಿಯೂ ಆಕಾಶ ಹಾಗೆ ಕಂಡರೆ ಹೋಗುವುದಿಲ್ಲವೆಂದರು.

ನಡುಗಡ್ಡೆಯ ಮುದುಕಿಯರಿಗೆ ಅವರು ಕಾಗದ ಓದಿ ಹೇಳುತ್ತಿದ್ದರು. ಸಾವಿನ ಸುದ್ದಿಯಿದ್ದರೆ ಮೊದಲು ನೆರೆಮನೆಯವರನ್ನು ಕರೆಸಿ ಕೂರಿಸಿ ಆಮೇಲೆ ಓದುತ್ತಿದ್ದರು. ಹೊಸ ಮನೆಗೆ ಯಾರೇ ಬಂದಿಳಿದರೂ ಮೊದಲ ಟಪಾಲಿನ ಜೊತೆಗೆ ಕಬ್ಬಿಣದ ಕಟ್ಟಳೆಯನ್ನು ಹೇಳಿ, ಅವರ ಬಾಯಿಂದ ಮರಳಿ ಹೇಳಿಸಿಯೇ ಹೊಸ್ತಿಲು ಇಳಿಯುತ್ತಿದ್ದರು. ಈ ಲೇಖಕನೂ ಅವರ ಕೈಕೆಳಗೆ ದಾರಿ ಕಲಿತವನು. ಮೊದಲ ದಿನ ಹುರುಪಿನಲ್ಲಿ ಹಾಡಿಕೊಂಡು ಹೆಜ್ಜೆ ಹಾಕಿದ್ದಕ್ಕೆ ಅವರು ನಡುಬಯಲಿನಲ್ಲಿ ನಿಲ್ಲಿಸಿ, ಹೆದರಿಕೆ ಆಗುತ್ತಿದೆಯೇ ಎಂದು ಕೇಳಿದರು. ಇಲ್ಲವೆಂದ ಕೂಡಲೇ ಹಿಂದಕ್ಕೆ ತಿರುಗಿಸಿ ಕರೆತಂದರು. ಹೌದೆಂದು ನಿಜವಾಗಿ ಹೇಳುವಂತಾದ ಮೇಲೆಯೇ ಕೈಗೆ ಚೀಲ ಬಂದದ್ದು.

ಈಗ ಆ ಚೀಲ ಪೂರ್ತಿಯಾಗಿ ಈ ಲೇಖಕನ ಹೆಗಲಿಗೆ ಬಂದಿದೆ. ಪುಕ್ಕಲಕ್ಕನವರು ವಿಶ್ರಾಂತಿ ಪಡೆಯುತ್ತಾರೆಂದು ಆದೇಶದಲ್ಲಿ ಬರೆದಿದ್ದಾರೆ. ಆದರೆ ಇಳಿತದ ಹೊತ್ತಿಗೆ ಅವರು ಅನ್ನದ ತಟ್ಟೆಯ ಮುಂದೆ ಕೂರಲಾರದೆ ಎದ್ದು ಬಾಗಿಲಿಗೆ ಬರುತ್ತಾರೆಂದು ಅವರ ಯಜಮಾನರು ದೂರುತ್ತಾರೆ; ತಾವು ನಡೆಯುವಾಗ ಇದ್ದ ಹೆದರಿಕೆ ಇದಕ್ಕಿಂತ ಎಷ್ಟೋ ವಾಸಿಯಾಗಿತ್ತು ಎಂದು ಪುಕ್ಕಲಕ್ಕನವರೇ ಒಪ್ಪಿಕೊಳ್ಳುತ್ತಾರೆ. ಸನ್ಮಾನಿತರಿಗೆ ಆಯುರಾರೋಗ್ಯಗಳನ್ನು ಕೋರುವುದು ಇಂಥ ಸಂಪುಟಗಳ ಸಂಪ್ರದಾಯ. ಇಲ್ಲಿ ಆ ಕೋರಿಕೆ ಸಂಪ್ರದಾಯಕ್ಕಾಗಿ ಮಾಡಿದ್ದಲ್ಲ, ಶುದ್ಧ ಸ್ವಾರ್ಥಕ್ಕಾಗಿ. ಅವರು ನೂರು ಕಾಲ ಬಾಳಲಿ, ಕಿವಿ ಮಂದವಾಗದಿರಲಿ, ಹೆದರಿಕೆ ಕಡಿಮೆಯಾಗದಿರಲಿ. ಮಂಜು ಕವಿದರೆ ಕಬ್ಬಿಣ ಬಾರಿಸಲು ದಡದಲ್ಲಿ ಹತ್ತಾರು ಕೈಗಳಿವೆ. ಯಾವಾಗ ನಿಲ್ಲಿಸಬೇಕೆಂದು ಬಲ್ಲ ಕೈ ಅದೊಂದೇ, ಮತ್ತು ನಾಳೆ ಬೆಳಿಗ್ಗೆ ಬಯಲಿಗೆ ಇಳಿಯಬೇಕಾದವನು ಈ ಲೇಖಕ.